ಮಗು ನೂರರವರೆಗೆ ಹೇಳುತ್ತದೆ, ಸರಿ. ಎಣಿಸಲು ಬರುತ್ತದೆಯೇ? ಎಣಿಕೆ ಆಟಿಕೆಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಎರಡೂವರೆ ವರ್ಷದ ಮಗು ಒಂದರಿಂದ ನೂರರವರೆಗೆ ಪಟಪಟನೆ ಹೇಳುವ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಫಾರ್ವರ್ಡ್ ಬರುತ್ತದೆ: ‘ಮೂರು ವರ್ಷದೊಳಗೆ ಈ ಆಟಿಕೆ ಕೊಡಿಸಿ, ಮಗುವಿನ ಮೆದುಳು ಕಂಪ್ಯೂಟರ್‌ನಂತೆ ಓಡುತ್ತದೆ’. ಕೆಳಗೊಂದು ಲಿಂಕ್, ಸಾವಿರಾರು ರೂಪಾಯಿ ಬೆಲೆ. ನೋಡಿದ ತಂದೆ ತಾಯಿಗೆ ‘ನಮ್ಮ ಮಗು ಹಿಂದೆ ಬೀಳುತ್ತಿದೆಯೇ?’ ಎಂಬ ಆತಂಕ.

ಎಣಿಕೆಯ ಆಟಿಕೆಗಳಿಂದ ನಿಜಕ್ಕೂ ಲಾಭವಿದೆಯೇ? ಇದ್ದರೆ ಯಾವುದರಿಂದ, ಹೇಗೆ? ಈ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಭಾರತದಲ್ಲಿ ನಡೆದ ದೊಡ್ಡ ಅಧ್ಯಯನಗಳೂ ಅದರಲ್ಲಿವೆ.

ಚುಟುಕಾಗಿ ಹೇಳುವುದಾದರೆ

- ಸಂಖ್ಯೆಗಳನ್ನು ಬಾಯಿಪಾಠ ಹೇಳುವುದು ಬೇರೆ, ಎಣಿಸುವುದು ಬೇರೆ.
- ಕೈಯಲ್ಲಿ ಹಿಡಿದು ಸರಿಸುವ ವಸ್ತುಗಳು ಎಣಿಕೆ ಕಲಿಯಲು ನೆರವಾಗುತ್ತವೆ. ಆದರೆ ಆಟಿಕೆ ತಾನಾಗಿ ಏನನ್ನೂ ಕಲಿಸುವುದಿಲ್ಲ. ಪಕ್ಕದಲ್ಲಿ ಕುಳಿತು ಮಾತಾಡುವ ದೊಡ್ಡವರು ಬೇಕು.
- ದುಬಾರಿ, ಬಣ್ಣಬಣ್ಣದ, ಸದ್ದು ಮಾಡುವ ಆಟಿಕೆಯೇ ಬೇಕೆಂದಿಲ್ಲ. ಕೆಲವೊಮ್ಮೆ ಅವು ಅಡ್ಡಿಯೂ ಆಗುತ್ತವೆ.
- ಮೂರು ವರ್ಷದೊಳಗಿನ ಮಗುವಿನ ಕೈಗೆ ಸಣ್ಣ ಮಣಿ, ಬೀಜ, ಗೋಲಿ ಕೊಡಬೇಡಿ. ಗುಲಗಂಜಿಯನ್ನು ಯಾವ ವಯಸ್ಸಿನ ಮಗುವಿಗೂ ಕೊಡಬೇಡಿ.

ಬಾಯಿಪಾಠಕ್ಕೂ ಎಣಿಕೆಗೂ ಏನು ವ್ಯತ್ಯಾಸ?

ನಾಲ್ಕು ಲೋಟ ಸಾಲಾಗಿ ಇಟ್ಟು ಮಗುವಿಗೆ ‘ಎಣಿಸು ಪುಟ್ಟಾ’ ಎನ್ನಿ. ‘ಒಂದು, ಎರಡು, ಮೂರು, ನಾಲ್ಕು’ ಎಂದು ಬೆರಳಿಟ್ಟು ಹೇಳುತ್ತದೆ. ಈಗ ‘ಹಾಗಾದರೆ ಒಟ್ಟು ಎಷ್ಟು ಲೋಟ ಇದೆ?’ ಎಂದು ಕೇಳಿ. ಬಹಳಷ್ಟು ಪುಟ್ಟ ಮಕ್ಕಳು ‘ನಾಲ್ಕು’ ಎನ್ನುವುದಿಲ್ಲ. ಮತ್ತೆ ‘ಒಂದು, ಎರಡು, ಮೂರು, ನಾಲ್ಕು’ ಎಂದು ಮೊದಲಿನಿಂದ ಶುರು ಮಾಡುತ್ತಾರೆ.

ಇದು ದಡ್ಡತನವಲ್ಲ. ಕೊನೆಗೆ ಹೇಳಿದ ಪದವೇ ಇಡೀ ಗುಂಪಿನ ಲೆಕ್ಕ ಎಂಬುದು ಅವರಿಗೆ ಇನ್ನೂ ಹೊಳೆದಿಲ್ಲ, ಅಷ್ಟೇ. ಅವರ ಪಾಲಿಗೆ ಎಣಿಕೆ ಎಂಬುದು ಒಂದು ಹಾಡು. ಅ, ಆ, ಇ, ಈ ಹೇಳಿದ ಹಾಗೆಯೇ ಇದೂ.

ಅಮೆರಿಕದ ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲಿ ಮಕ್ಕಳ ಎಣಿಕೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಎಣಿಕೆಯ ಹಿಂದೆ ಐದು ನಿಯಮಗಳಿವೆ ಎಂದು ಅವರು ವಿವರಿಸಿದರು. ಸರಳವಾಗಿ ಹೇಳುವುದಾದರೆ:

1. ಒಂದು ವಸ್ತುವಿಗೆ ಒಂದೇ ಪದ. ಒಂದನ್ನು ಎರಡು ಸಲ ಎಣಿಸುವಂತಿಲ್ಲ, ಬಿಡುವಂತೆಯೂ ಇಲ್ಲ.
2. ಪದಗಳ ಕ್ರಮ ಬದಲಾಗಬಾರದು. ಇವತ್ತು ‘ಐದು, ಆರು’, ನಾಳೆ ‘ಆರು, ಐದು’ ಆಗಬಾರದು.
3. ಕೊನೆಯ ಪದವೇ ಒಟ್ಟು ಲೆಕ್ಕ.
4. ಏನನ್ನು ಬೇಕಾದರೂ ಎಣಿಸಬಹುದು. ಇಡ್ಲಿ, ಮೆಟ್ಟಿಲು, ಚಪ್ಪಾಳೆ, ಹೀಗೆ.
5. ಎಲ್ಲಿಂದ ಶುರು ಮಾಡಿದರೂ ಲೆಕ್ಕ ಅಷ್ಟೇ. ಬಲದಿಂದ ಎಣಿಸಿದರೂ ನಾಲ್ಕು, ಎಡದಿಂದ ಎಣಿಸಿದರೂ ನಾಲ್ಕು.

ನೂರರವರೆಗಿನ ಬಾಯಿಪಾಠ ಇದರಲ್ಲಿ ಎರಡನೇ ನಿಯಮವನ್ನು ಮಾತ್ರ ಕಲಿಸುತ್ತದೆ. ಉಳಿದ ನಾಲ್ಕಕ್ಕೂ ಎಣಿಸಲು ಏನಾದರೂ ಬೇಕು. ಆಟಿಕೆಯ ಕೆಲಸ ಶುರುವಾಗುವುದು ಇಲ್ಲೇ.

ಮನೆಯಲ್ಲೇ ಮಾಡಬಹುದಾದ ‘ಮೂರು ಕೊಡು’ ಪರೀಕ್ಷೆ

ಮಗುವಿಗೆ ಎಣಿಕೆ ಎಷ್ಟು ಅರ್ಥವಾಗಿದೆ ಎಂದು ನೋಡಲು ಸಂಶೋಧಕರು ಬಳಸುವ ಒಂದು ವಿಧಾನ ಬಹಳ ಸರಳ. ಕ್ಯಾರೆನ್ ವಿನ್ ಎಂಬ ಸಂಶೋಧಕಿ 1990ರ ಸುಮಾರಿಗೆ ಇದನ್ನು ಬಳಸಿ ಪ್ರಕಟಿಸಿದ ಅಧ್ಯಯನಗಳು ಪ್ರಸಿದ್ಧ. ಒಂದು ಬುಟ್ಟಿಯಲ್ಲಿ ಹತ್ತು ಹನ್ನೆರಡು ವಸ್ತುಗಳನ್ನು ಇಟ್ಟು ‘ನನಗೆ ಒಂದು ಕೊಡು’, ಆಮೇಲೆ ‘ಎರಡು ಕೊಡು’, ‘ಮೂರು ಕೊಡು’ ಎಂದು ಕೇಳುತ್ತಾ ಹೋಗುವುದು.

ಹತ್ತರವರೆಗೆ ಸಲೀಸಾಗಿ ಹೇಳುವ ಮಗು ‘ಮೂರು ಕೊಡು’ ಎಂದಾಗ ಕೈತುಂಬ ಬಾಚಿ ಕೊಡಬಹುದು. ಮಕ್ಕಳು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾರೆ. ಮೊದಲು ‘ಒಂದು’ ಮಾತ್ರ ಗೊತ್ತಾಗುತ್ತದೆ. ಕೆಲವು ತಿಂಗಳ ನಂತರ ‘ಎರಡು’. ಮತ್ತೆ ಕೆಲವು ತಿಂಗಳಿಗೆ ‘ಮೂರು’. ಆಮೇಲೆ ಒಂದು ಹಂತದಲ್ಲಿ ಇಡೀ ಗುಟ್ಟು ಬಿಟ್ಟುಕೊಂಡು, ಎಷ್ಟು ಕೇಳಿದರೂ ಎಣಿಸಿ ಕೊಡತೊಡಗುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಈ ಪಯಣ ಸುಮಾರು ಎರಡೂವರೆಯಿಂದ ನಾಲ್ಕು ವರ್ಷದ ನಡುವೆ ನಡೆಯುತ್ತದೆ. ಕೆಲವರಿಗೆ ಇನ್ನೂ ಸ್ವಲ್ಪ ಸಮಯ ಬೇಕಾಗುತ್ತದೆ.

ನಿಮ್ಮ ಮಗು ಎರಡರಲ್ಲೇ ನಿಂತಿದ್ದರೆ ನೂರರವರೆಗೆ ಹೇಳಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಆ ಸಮಯದಲ್ಲಿ ಮೂರರ ಜೊತೆ ಆಡುವುದೇ ಒಳ್ಳೆಯದು. ಪರೀಕ್ಷೆ ಮಾಡುವಾಗ ಬೈಯಬೇಡಿ, ‘ತಪ್ಪು’ ಎನ್ನಬೇಡಿ. ಮಗು ಐದು ಕೊಟ್ಟರೆ ‘ಬಾ, ಎಣಿಸೋಣ’ ಎಂದು ಜೊತೆಯಲ್ಲಿ ಎಣಿಸಿ.

ಕೈಗೆ ವಸ್ತು ಕೊಡುವ ಯೋಚನೆ ಎಲ್ಲಿಂದ ಬಂತು?

‘ಮುಟ್ಟಿ ಕಲಿಯುವುದು’ ಇಂದಿನ ಕಂಪನಿಗಳು ಕಂಡುಹಿಡಿದದ್ದಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದರು. ‘ಕಿಂಡರ್‌ಗಾರ್ಟನ್’ ಎಂಬ ಹೆಸರು ಬಂದದ್ದು ಅವರಿಂದಲೇ. ಅಲ್ಲಿ ಮಕ್ಕಳಿಗೆ ಕೊಡುತ್ತಿದ್ದದ್ದು ಉಣ್ಣೆಯ ಚೆಂಡು, ಮರದ ಗೋಲ ಮತ್ತು ಘನಗಳು.

ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ಆರಂಭಿಸಿದರು. 1939ರಲ್ಲಿ ಅವರು ಭಾರತಕ್ಕೆ ಬಂದು ಚೆನ್ನೈನ ಅಡ್ಯಾರ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಒಂದು ಸಾಮಗ್ರಿಯನ್ನು ಗಮನಿಸಿ. ಮರದ ಪೆಟ್ಟಿಗೆಯಲ್ಲಿ 0ಯಿಂದ 9ರವರೆಗೆ ಅಂಕಿ ಬರೆದ ಹತ್ತು ಖಾನೆಗಳು, ಜೊತೆಗೆ 45 ಕಡ್ಡಿಗಳು. 1ರ ಖಾನೆಗೆ ಒಂದು, 2ರ ಖಾನೆಗೆ ಎರಡು ಎಂದು ಮಗು ಹಾಕುತ್ತಾ ಹೋಗಬೇಕು. ಒಂದರಿಂದ ಒಂಬತ್ತರವರೆಗೆ ಕೂಡಿದರೆ ಸರಿಯಾಗಿ 45. ಎಲ್ಲಾದರೂ ತಪ್ಪಿದರೆ ಕೊನೆಯಲ್ಲಿ ಕಡ್ಡಿ ಉಳಿಯುತ್ತದೆ, ಇಲ್ಲವೇ ಸಾಲದೆ ಬರುತ್ತದೆ. ದೊಡ್ಡವರು ಹೇಳದೆಯೇ ಮಗುವಿಗೆ ತಪ್ಪು ತಿಳಿಯುತ್ತದೆ. 0ಯ ಖಾನೆ ಖಾಲಿ ಇರುವುದರಿಂದ ‘ಸೊನ್ನೆ ಎಂದರೆ ಏನೂ ಇಲ್ಲ’ ಎಂಬುದು ಕಣ್ಣಿಗೇ ಕಾಣುತ್ತದೆ.

ಇದನ್ನು ಮನೆಯಲ್ಲಿ ಹತ್ತು ಲೋಟ ಮತ್ತು 45 ಐಸ್‌ಕ್ರೀಮ್ ಕಡ್ಡಿಗಳಿಂದ ಮಾಡಬಹುದು. ಖರ್ಚು ಹೆಚ್ಚೇನೂ ಇಲ್ಲ.

ಭಾರತ ಸರ್ಕಾರವೂ ಇದೇ ದಾರಿಯಲ್ಲಿದೆ. 2021ರ ಜುಲೈನಲ್ಲಿ ಶುರುವಾದ ‘ನಿಪುಣ್ ಭಾರತ್’ ಯೋಜನೆ ಮೂರನೇ ತರಗತಿಯೊಳಗೆ ಓದು ಮತ್ತು ಲೆಕ್ಕದ ಬುನಾದಿ ಗಟ್ಟಿಯಾಗಬೇಕು ಎನ್ನುತ್ತದೆ. 2023ರ ಫೆಬ್ರವರಿಯಲ್ಲಿ 3ರಿಂದ 8 ವರ್ಷದ ಮಕ್ಕಳಿಗಾಗಿ ಆಟಿಕೆ, ಒಗಟು, ಬೊಂಬೆ, ಕಾರ್ಡ್‌ಗಳಿರುವ ‘ಜಾದೂಯಿ ಪಿಟಾರ’ ಎಂಬ ಕಲಿಕಾ ಪೆಟ್ಟಿಗೆ ಬಿಡುಗಡೆಯಾಯಿತು. ನಮ್ಮ ರಾಜ್ಯದಲ್ಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ಯೂ ಚಟುವಟಿಕೆಯ ಮೂಲಕವೇ ಕಲಿಸುವ ವಿಧಾನ.

ಇಷ್ಟಕ್ಕೂ ಇದು ಕೆಲಸ ಮಾಡುತ್ತದೆಯೇ? 2013ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 55 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಬರೀ ಅಂಕಿ ಮತ್ತು ಚಿಹ್ನೆಗಳಿಂದ ಕಲಿತವರಿಗಿಂತ ವಸ್ತುಗಳನ್ನು ಬಳಸಿ ಕಲಿತವರು ಕಲಿತದ್ದನ್ನು ಹೆಚ್ಚು ನೆನಪಿಟ್ಟುಕೊಂಡರು. ಆದರೆ ಹೊಸ ಬಗೆಯ ಲೆಕ್ಕ ಬಿಡಿಸುವುದರಲ್ಲಿ ಲಾಭ ಸಣ್ಣದು. ವಸ್ತುವನ್ನು ಹೇಗೆ ಬಳಸಿದರು ಎಂಬುದರ ಮೇಲೂ ಫಲಿತಾಂಶ ಬದಲಾಗುತ್ತಿತ್ತು. ಅಂದರೆ ಲಾಭ ಇದೆ, ಆದರೆ ಪವಾಡವಲ್ಲ.

ಆಟಿಕೆ ಎಷ್ಟು ಚೆಂದವೋ ಅಷ್ಟು ಒಳ್ಳೆಯದೇ?

ಅಂಗಡಿಗೆ ಹೋದರೆ ಎಣಿಕೆಗೆಂದೇ ಪುಟಾಣಿ ಹುಲಿ, ಆನೆ, ಹಣ್ಣು, ಕಾರುಗಳ ಸೆಟ್ ಸಿಗುತ್ತದೆ. 2013ರಲ್ಲಿ ಲೋರಿ ಪೀಟರ್ಸನ್ ಮತ್ತು ನಿಕೋಲ್ ಮೆಕ್‌ನೀಲ್ ಎಂಬ ಸಂಶೋಧಕಿಯರು ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳಿಗೆ ಬೇರೆ ಬೇರೆ ವಸ್ತು ಕೊಟ್ಟು ಎಣಿಸಲು ಹೇಳಿದರು. ಮಕ್ಕಳಿಗೆ ಮೊದಲೇ ಚೆನ್ನಾಗಿ ಪರಿಚಯವಿದ್ದ, ಕಣ್ಸೆಳೆಯುವ ವಸ್ತುಗಳನ್ನು ಎಣಿಸುವಾಗ ಮಕ್ಕಳು ಹಿಂದೆ ಬಿದ್ದರು.

ಕಾರಣ ಊಹಿಸುವುದು ಕಷ್ಟವಲ್ಲ. ಆನೆ ಕೈಗೆ ಬಂದರೆ ಮಗು ಅದನ್ನು ನಡೆಸುತ್ತದೆ, ಘೀಳಿಡಿಸುತ್ತದೆ, ಹುಲಿಯ ಜೊತೆ ಜಗಳ ಮಾಡಿಸುತ್ತದೆ. ಅದು ಒಳ್ಳೆಯ ಆಟವೇ. ಆದರೆ ‘ಈ ಆನೆ ಇಲ್ಲಿ ಬರೀ ಒಂದು ಎಣಿಕೆ’ ಎಂದು ನೋಡುವುದು ಅದಕ್ಕೆ ಕಷ್ಟ. ಒಂದೇ ಬಗೆಯ ಬಾಟಲಿ ಮುಚ್ಚಳ, ಕಡ್ಡಿ, ಮರದ ಬಿಲ್ಲೆಗಳಿಗೆ ಅಂಥ ಕಥೆಯಿಲ್ಲ. ಹಾಗಾಗಿ ಮನಸ್ಸು ಲೆಕ್ಕದ ಮೇಲೇ ನಿಲ್ಲುತ್ತದೆ.

ಸದ್ದು ಮಾಡುವ ಆಟಿಕೆಗಳ ಸಮಸ್ಯೆ ಬೇರೆ. ಅಮೆರಿಕದ ಆನಾ ಸೋಸಾ 2016ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ 10ರಿಂದ 16 ತಿಂಗಳ ಕೂಸುಗಳಿದ್ದ 26 ಮನೆಗಳಲ್ಲಿ ಆಟದ ಮಾತುಕತೆಯನ್ನು ದಾಖಲಿಸಿದರು. ಬ್ಯಾಟರಿಯ ಆಟಿಕೆ ಇದ್ದಾಗ ತಂದೆ ತಾಯಿ ಕಡಿಮೆ ಮಾತಾಡಿದರು. ಮರದ ಬ್ಲಾಕ್‌ನಂಥ ಸಾದಾ ಆಟಿಕೆ ಅಥವಾ ಪುಸ್ತಕ ಇದ್ದಾಗ ಹೆಚ್ಚು ಮಾತಾಡಿದರು. ಆಟಿಕೆಯೇ ‘ಒನ್, ಟೂ, ತ್ರೀ’ ಎಂದು ಹಾಡುತ್ತಿದ್ದರೆ ನಾವು ಸುಮ್ಮನಾಗಿಬಿಡುತ್ತೇವೆ. ಇದು ಸಣ್ಣ ಅಧ್ಯಯನ, ಎಣಿಕೆಯನ್ನೇ ಅಳೆದದ್ದೂ ಅಲ್ಲ. ಆದರೆ ಮಾತು ಏಕೆ ಮುಖ್ಯ ಎಂಬುದಕ್ಕೆ ಇನ್ನೊಂದು ಅಧ್ಯಯನವಿದೆ.

ದೊಡ್ಡವರ ಮಾತು ಏಕೆ ಬೇಕು?

ಚಿಕಾಗೊ ವಿಶ್ವವಿದ್ಯಾಲಯದ ಸೂಸನ್ ಲೆವಿನ್ ಮತ್ತು ಸಂಗಡಿಗರು 44 ಮಕ್ಕಳನ್ನು 14 ತಿಂಗಳಿಂದ 30 ತಿಂಗಳವರೆಗೆ ಐದು ಸಲ, ತಲಾ 90 ನಿಮಿಷ ಅವರ ಮನೆಯಲ್ಲೇ ಗಮನಿಸಿದರು. ಒಂದು ಮನೆಯಲ್ಲಿ ಅಷ್ಟೂ ಹೊತ್ತಿನಲ್ಲಿ ಸಂಖ್ಯೆಯ ಪದ ಬಂದದ್ದು 4 ಸಲ ಮಾತ್ರ. ಇನ್ನೊಂದು ಮನೆಯಲ್ಲಿ 257 ಸಲ! ಸಂಖ್ಯೆಯ ಮಾತು ಹೆಚ್ಚು ಕೇಳಿದ ಮಕ್ಕಳು ನಾಲ್ಕು ವರ್ಷದ ಹತ್ತಿರ ಬಂದಾಗ ಸಂಖ್ಯೆಯ ಅರ್ಥವನ್ನು ಹೆಚ್ಚು ಚೆನ್ನಾಗಿ ತಿಳಿದಿದ್ದರು. ಇದು 2010ರಲ್ಲಿ ಪ್ರಕಟವಾಯಿತು. ಮರುವರ್ಷ ಇದೇ ಮಾಹಿತಿಯನ್ನು ಇನ್ನಷ್ಟು ಬಗೆದು ನೋಡಿದಾಗ, ಕಣ್ಣೆದುರು ಇರುವ ವಸ್ತುಗಳನ್ನು, ಅದರಲ್ಲೂ ನಾಲ್ಕರಿಂದ ಹತ್ತರವರೆಗಿನ ಗುಂಪುಗಳನ್ನು ಎಣಿಸಿ ತೋರಿಸಿದ ಮಾತೇ ಹೆಚ್ಚು ಉಪಯೋಗಕ್ಕೆ ಬಂದದ್ದು ಕಂಡಿತು.

ಹೇಗೆ ಹೇಳಬೇಕು ಎಂಬುದಕ್ಕೂ ಒಂದು ಉಪಾಯವಿದೆ. 2012ರಲ್ಲಿ ಕೆಲ್ಲಿ ಮಿಕ್ಸ್ ಮತ್ತು ಸಂಗಡಿಗರು ಸುಮಾರು ಮೂರೂವರೆ ವರ್ಷದ ಮಕ್ಕಳಿಗೆ ಚಿತ್ರಗಳನ್ನು ಬೇರೆ ಬೇರೆ ರೀತಿ ತೋರಿಸಿದರು. ಬರೀ ಎಣಿಸಿ ತೋರಿಸಿದರೆ ಸಾಲಲಿಲ್ಲ. ಬರೀ ‘ಇಲ್ಲಿ ನಾಲ್ಕಿದೆ’ ಎಂದರೂ ಸಾಲಲಿಲ್ಲ. ಮೊದಲು ಒಟ್ಟು ಹೇಳಿ, ಒಡನೆಯೇ ಎಣಿಸಿ ತೋರಿಸಿದಾಗ ಮಕ್ಕಳು ಮುಂದೆ ಹೋದರು. ಕನ್ನಡದಲ್ಲಿ ಅದು ಹೀಗಿರುತ್ತದೆ: ‘ನೋಡು, ತಟ್ಟೆಯಲ್ಲಿ ನಾಲ್ಕು ಇಡ್ಲಿ ಇದೆ. ಒಂದು, ಎರಡು, ಮೂರು, ನಾಲ್ಕು.’

ಇದಕ್ಕೆ ಬೇರೆ ಸಮಯ ತೆಗೆದಿಡಬೇಕಿಲ್ಲ. ಊಟಕ್ಕೆ ತಟ್ಟೆ ಹಾಕುವಾಗ, ಒಗೆದ ಕಾಲುಚೀಲ ಜೋಡಿ ಮಾಡುವಾಗ, ಅಜ್ಜಿ ಹೂ ಕಟ್ಟುವಾಗ, ಮೆಟ್ಟಿಲು ಹತ್ತುವಾಗ ಹೇಳಿದರೆ ಸಾಕು. ಜನರನ್ನು ಎಣಿಸುವಾಗ ‘ಇಬ್ಬರು, ಮೂವರು, ನಾಲ್ವರು’ ಎನ್ನುವುದು ನಮ್ಮ ಭಾಷೆಯ ವಿಶೇಷ. ‘ಎಷ್ಟು ಜನ ಊಟಕ್ಕೆ? ಮೂವರು. ಹಾಗಾದರೆ ಮೂರು ತಟ್ಟೆ’ ಎಂದು ಎರಡನ್ನೂ ಜೋಡಿಸಿ ಹೇಳಿ.

ಸೀಮೆಸುಣ್ಣದ ಹತ್ತು ಮನೆ: ಒಂದು ರೂಪಾಯಿಯ ಆಟ

ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಬಡ ಕುಟುಂಬಗಳ 124 ಪುಟ್ಟ ಮಕ್ಕಳಿದ್ದರು. ಸುಮಾರು ಅರ್ಧ ಮಕ್ಕಳಿಗೆ ಒಂದೇ ಸಾಲಿನಲ್ಲಿ 1ರಿಂದ 10ರವರೆಗೆ ಅಂಕಿ ಬರೆದ ಹಲಗೆಯ ಆಟ. ಉಳಿದವರಿಗೆ ಅದೇ ಹಲಗೆ, ಅಂಕಿಯ ಬದಲು ಬಣ್ಣ. ಎರಡು ವಾರದಲ್ಲಿ ನಾಲ್ಕು ಸಲ, ಒಂದು ಸಲಕ್ಕೆ ಕಾಲು ಗಂಟೆಯಷ್ಟು ಆಟ. ಅಂಕಿಯ ಹಲಗೆಯಲ್ಲಿ ಆಡಿದವರು ಎಣಿಕೆಯಲ್ಲಿ, ಅಂಕಿ ಗುರುತಿಸುವುದರಲ್ಲಿ, ಯಾವುದು ದೊಡ್ಡ ಸಂಖ್ಯೆ ಎಂದು ಹೇಳುವುದರಲ್ಲಿ ಸುಧಾರಿಸಿದರು. ಒಂಬತ್ತು ವಾರಗಳ ನಂತರ ನೋಡಿದಾಗಲೂ ಆ ಲಾಭ ಉಳಿದಿತ್ತು. ಬಣ್ಣದ ಹಲಗೆಯವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಮನೆಯಲ್ಲಿ ಆಡುವುದು ಹೀಗೆ:

- ನೆಲದ ಮೇಲೆ ಸೀಮೆಸುಣ್ಣದಿಂದ ಒಂದೇ ಸಾಲಿನಲ್ಲಿ, ಸಮ ಅಳತೆಯ ಹತ್ತು ಮನೆ ಬರೆಯಿರಿ. ಎಡದಿಂದ ಬಲಕ್ಕೆ 1ರಿಂದ 10 ಬರೆಯಿರಿ.
- ನೀವು ನಾಣ್ಯ ಚಿಮ್ಮಿ. ಸಿಂಹ ಬಂದರೆ ಒಂದು ಮನೆ, ಅಂಕಿ ಬಂದರೆ ಎರಡು ಮನೆ.
- ಕಾಯಿ ನಡೆಸುವಾಗ ಮನೆಯಲ್ಲಿ ಬರೆದ ಅಂಕಿಯನ್ನೇ ಗಟ್ಟಿಯಾಗಿ ಹೇಳಬೇಕು. 5ರಲ್ಲಿದ್ದ ಕಾಯಿ ಎರಡು ಮನೆ ನಡೆದರೆ ‘ಒಂದು, ಎರಡು’ ಅಲ್ಲ, ‘ಆರು, ಏಳು’ ಎನ್ನಬೇಕು.

ಕೊನೆಯ ನಿಯಮವನ್ನು ಬಿಡಬೇಡಿ. ‘ಒಂದು, ಎರಡು’ ಎಂದು ಹೇಳಿ ಆಡಿದ ಮಕ್ಕಳಿಗೆ ಅಷ್ಟು ಲಾಭವಾಗಲಿಲ್ಲ ಎಂದು 2014ರ ಇನ್ನೊಂದು ಪ್ರಯೋಗ ತೋರಿಸಿದೆ.

ನಮ್ಮ ಹಳೆಯ ಆಟಗಳು? ಅಳಿಗುಳಿ ಮನೆ, ಅಂದರೆ ಕರಾವಳಿಯ ಚೆನ್ನೆಮಣೆಯಲ್ಲಿ ಒಂದೊಂದು ಗುಳಿಗೆ ಒಂದೊಂದೇ ಬೀಜ ಹಾಕುತ್ತಾ ಹೋಗಬೇಕು. ಮೇಲೆ ಹೇಳಿದ ಮೊದಲ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇಕೆ? ಚೌಕಾಬಾರದಲ್ಲಿ ಮೇಲ್ಮುಖವಾಗಿ ಬಿದ್ದ ಕವಡೆಗಳನ್ನು ಎಣಿಸಬೇಕು, ಅಷ್ಟೇ ಮನೆ ನಡೆಸಬೇಕು. ಆದರೆ ಅದರ ಮನೆಗಳಲ್ಲಿ ಅಂಕಿಯಿಲ್ಲ, ದಾರಿ ಸುತ್ತಿ ಸುತ್ತಿ ಹೋಗುತ್ತದೆ. ಸೀಗ್ಲರ್ ಮತ್ತು ರಮಣಿ 2009ರಲ್ಲಿ ದುಂಡನೆಯ ಹಲಗೆಯನ್ನೂ ಪರೀಕ್ಷಿಸಿದ್ದರು. ನೇರ ಸಾಲಿನ ಹಲಗೆಯಷ್ಟು ಲಾಭ ಅದರಲ್ಲಿ ಸಿಗಲಿಲ್ಲ. ಆದ್ದರಿಂದ ನಾಲ್ಕು ವರ್ಷಕ್ಕೆ ಹತ್ತು ಮನೆಯ ಸಾಲು, ಐದಾರು ವರ್ಷಕ್ಕೆ ಚೌಕಾಬಾರ ಮತ್ತು ಹಾವು-ಏಣಿ ಸೂಕ್ತ.

ದೆಹಲಿಯ ಅಧ್ಯಯನ ಹೇಳುವ ಎಚ್ಚರಿಕೆಯ ಮಾತು

ಆಟ ಆಡಿಸಿಬಿಟ್ಟರೆ ಗಣಿತ ತಾನಾಗಿ ಬರುತ್ತದೆಯೇ? ಇದನ್ನು ನಮ್ಮ ದೇಶದಲ್ಲೇ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಲಾಗಿದೆ. ದೆಹಲಿಯಲ್ಲಿ ‘ಪ್ರಥಮ್’ ಸಂಸ್ಥೆ ನಡೆಸುವ 214 ಶಿಶುವಿಹಾರಗಳ 1,540 ಮಕ್ಕಳ ಮೇಲೆ ನಡೆದ ಈ ಪ್ರಯೋಗ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೋವಿಜ್ಞಾನಿ ಎಲಿಜಬೆತ್ ಸ್ಪೆಲ್ಕೆ ಮತ್ತು 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಈ ತಂಡದಲ್ಲಿದ್ದರು.

ಗಣಿತದ ಆಟ ಆಡಿದ ಮಕ್ಕಳಲ್ಲಿ ‘ಯಾವ ಗುಂಪಿನಲ್ಲಿ ಹೆಚ್ಚಿದೆ’ ಎಂದು ಅಂದಾಜಿಸುವಂಥ ಸಹಜ ಶಕ್ತಿ ಬೆಳೆಯಿತು, ಒಂದು ವರ್ಷದ ನಂತರವೂ ಉಳಿಯಿತು. ಆದರೆ ಪ್ರಾಥಮಿಕ ಶಾಲೆಗೆ ಹೋದ ಮೇಲೆ ಅಂಕಿ, ಕೂಡುವುದು, ಕಳೆಯುವುದರಲ್ಲಿ ಅವರು ಉಳಿದ ಮಕ್ಕಳಿಗಿಂತ ಮುಂದಿರಲಿಲ್ಲ.

ಕೈಯಲ್ಲಿರುವ ಮೂರು ಬೀಜ, ಬಾಯಲ್ಲಿ ಹೇಳುವ ‘ಮೂರು’, ಹಾಳೆಯ ಮೇಲಿನ 3, ಈ ಮೂರನ್ನೂ ಯಾರಾದರೂ ಸೇರಿಸಿ ತೋರಿಸಬೇಕು ಎಂಬುದೇ ಇದರಿಂದ ನಾವು ತೆಗೆದುಕೊಳ್ಳಬಹುದಾದ ಪಾಠ. ಲೋಟದ ಮೇಲೆ ಅಂಕಿ ಬರೆಯುವುದು, ಆಟದ ಮನೆಯಲ್ಲಿ ಅಂಕಿ ಬರೆಯುವುದು ಇದಕ್ಕೇ.

ನಂಬಿಕೆ ಮತ್ತು ವಾಸ್ತವ

*ನಂಬಿಕೆ: ಬೆರಳು ಎಣಿಸುವ ಮಗು ಲೆಕ್ಕದಲ್ಲಿ ಹಿಂದೆ.*
ವಾಸ್ತವ: ಪುಟ್ಟ ಮಕ್ಕಳಿಗೆ ಬೆರಳು ಅತ್ಯುತ್ತಮ ಆಟಿಕೆ. ಖರ್ಚಿಲ್ಲ, ಕಳೆದುಹೋಗುವುದಿಲ್ಲ. 2024ರಲ್ಲಿ ಪ್ರಕಟವಾದ, ಹೆಚ್ಚಾಗಿ ಫ್ರಾನ್ಸ್‌ನ 5–6 ವರ್ಷದ ಮಕ್ಕಳ ಅಧ್ಯಯನದಲ್ಲಿ, ಬೆರಳು ಬಳಸದ ಮಕ್ಕಳಿಗೆ ಬೆರಳೆಣಿಕೆ ಕಲಿಸಲಾಯಿತು. ಅವರ ಸರಿಯುತ್ತರ ಸುಮಾರು 37 ಶೇಕಡಾದಿಂದ 77 ಶೇಕಡಾಕ್ಕೆ ಏರಿತು. ಅಜ್ಜ ಅಜ್ಜಿಯರು ಬೆರಳಿನ ಗೆಣ್ಣುಗಳ ಮೇಲೆ ತಿಥಿ, ತಿಂಗಳು ಎಣಿಸುವುದನ್ನು ನಾವೆಲ್ಲ ನೋಡಿದ್ದೇವೆ. ಮಗುವಿನ ಕೈಗೆ ಹೊಡೆದು ಬೆರಳು ಬಿಡಿಸಬೇಡಿ. ಅಭ್ಯಾಸವಾದಂತೆ ಅದು ತಾನಾಗಿ ಕಡಿಮೆಯಾಗುತ್ತದೆ.

*ನಂಬಿಕೆ: ಅಬಾಕಸ್‌ನಿಂದ ಬುದ್ಧಿಶಕ್ತಿ, ನೆನಪು, ಏಕಾಗ್ರತೆ ಎಲ್ಲವೂ ಹೆಚ್ಚುತ್ತದೆ.*
ವಾಸ್ತವ: ಗುಜರಾತಿನ ವಡೋದರದ ಶಾಲೆಯೊಂದರಲ್ಲಿ ಡೇವಿಡ್ ಬಾರ್ನರ್ ಮತ್ತು ಸಂಗಡಿಗರು 204 ಮಕ್ಕಳನ್ನು ಮೂರು ವರ್ಷ ಅಧ್ಯಯನ ಮಾಡಿದರು. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮನಸ್ಸಿನಲ್ಲೇ ಅಬಾಕಸ್ ಕಲ್ಪಿಸಿಕೊಂಡು ಲೆಕ್ಕ ಮಾಡಲು ಕಲಿತವರು ಕೂಡುವ, ಕಳೆಯುವಂಥ ಲೆಕ್ಕಗಳಲ್ಲಿ ಮುಂದೆ ಹೋದರು. ಆದರೆ ಅವರ ಒಟ್ಟಾರೆ ಬುದ್ಧಿಶಕ್ತಿಯ ಸಾಮರ್ಥ್ಯ ಬದಲಾಗಲಿಲ್ಲ. ಅವರು ಎಣಿಕೆ ಕಲಿತಿದ್ದ ಶಾಲಾ ಮಕ್ಕಳು ಎಂಬುದನ್ನೂ ಗಮನಿಸಿ. ಮೂರು ವರ್ಷದ ಮಗುವಿಗೆ ಅಬಾಕಸ್ ಕ್ಲಾಸಿನ ಅಗತ್ಯವಿಲ್ಲ.

*ನಂಬಿಕೆ: ಇಂಗ್ಲಿಷ್‌ನಲ್ಲೇ ಎಣಿಸಲು ಕಲಿಸಬೇಕು, ಕನ್ನಡ ಸೇರಿಸಿದರೆ ಗೊಂದಲ.*
ವಾಸ್ತವ: ಎರಡು ಭಾಷೆಯ ಮಕ್ಕಳ ಮೇಲೆ 2015ರಲ್ಲಿ ಬಂದ ಅಧ್ಯಯನದ ಪ್ರಕಾರ, ಒಂದು, ಎರಡು, ಮೂರು ಎಂಬ ಸಣ್ಣ ಪದಗಳನ್ನು ಆಯಾ ಭಾಷೆಯಲ್ಲಿ ಬೇರೆಯಾಗಿಯೇ ಕಲಿಯಬೇಕು. ಆದರೆ ಎಣಿಕೆಯ ಗುಟ್ಟು ಒಂದು ಭಾಷೆಯಲ್ಲಿ ಹೊಳೆದರೆ ಇನ್ನೊಂದಕ್ಕೂ ಅದು ದಾಟುತ್ತದೆ. ಕನ್ನಡದ ಹೆಸರುಗಳು ಅರ್ಥವನ್ನೂ ಹೇಳುತ್ತವೆ. ‘ಹನ್ನೊಂದು’ ಎಂಬಲ್ಲಿ ‘ಒಂದು’ ಕೇಳುತ್ತದೆ, ‘ಹದಿಮೂರು’ ಎಂಬಲ್ಲಿ ‘ಮೂರು’ ಕೇಳುತ್ತದೆ. ‘ಇಲೆವೆನ್’, ‘ಟ್ವೆಲ್ವ್’ ಎಂಬಲ್ಲಿ ಒಂದು, ಎರಡು ಕೇಳುವುದಿಲ್ಲ. ಮನೆಯ ಮಾತಿನಲ್ಲಿ ಧೈರ್ಯವಾಗಿ ಎಣಿಸಿ.

ಸುರಕ್ಷತೆ: ಈ ಭಾಗವನ್ನು ತಪ್ಪದೆ ಓದಿ

*ಉಸಿರುಗಟ್ಟುವ ಅಪಾಯ.* ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ, ಮೂಗು ಕಿವಿಗೂ ತುರುಕುತ್ತಾರೆ. ಆಟಿಕೆಯ ಭಾಗ ಅಪಾಯದ್ದೇ ಎಂದು ನೋಡಲು ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಅಂದರೆ ಅದಕ್ಕಿಂತ ಸ್ವಲ್ಪವೇ ದೊಡ್ಡದು. ಅದರೊಳಗೆ ಇಡಿಯಾಗಿ ಹಿಡಿಸುವ ಯಾವುದೂ ಆ ವಯಸ್ಸಿಗೆ ಬೇಡ. ಹುಣಸೆ ಬೀಜ, ಕಡಲೆಕಾಯಿ ಬೀಜ, ಮಣಿ, ಗೋಲಿ, ಕವಡೆ ಎಲ್ಲವೂ ಇದರಲ್ಲಿ ಬರುತ್ತವೆ. ಅವರಿಗೆ ಲೋಟ, ಚಮಚ, ಆಲೂಗಡ್ಡೆ, ಈರುಳ್ಳಿ, ದೊಡ್ಡ ಮರದ ಬ್ಲಾಕ್ ಕೊಡಿ. ಅಕ್ಕ ಅಥವಾ ಅಣ್ಣನ ಬೀಜಗಳು ತಮ್ಮ ತಂಗಿಯ ಕೈಗೆ ಸಿಗದಂತೆ ಎಣಿಸಿ ತೆಗೆದಿಡಿ.

ಗಂಟಲಿಗೆ ಸಿಕ್ಕಿಕೊಂಡ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲು, ಅಳಲು, ಉಸಿರಾಡಲು ಆಗದಿದ್ದರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಏಟು ಕೊಡಿ. ಆಗಲೂ ಬರದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ ಒಳಕ್ಕೆ ಮತ್ತು ಮೇಲಕ್ಕೆ ಐದು ಸಲ ಒತ್ತಿ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಬೆನ್ನಿಗೆ ಐದು ಏಟು ಕೊಟ್ಟು, ಬಳಿಕ ಎದೆಯ ನಡುವೆ ಐದು ಸಲ ಒತ್ತಬೇಕು. ವಸ್ತು ಕಾಣದಿದ್ದರೆ ಬಾಯಿಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗಬಹುದು. ಕೂಡಲೇ 108ಕ್ಕೆ ಕರೆ ಮಾಡಿಸಿ.

*ಗುಲಗಂಜಿ.* ಕೆಂಪು ಬಣ್ಣದ, ಕಪ್ಪು ಚುಕ್ಕೆಯ ಈ ಬೀಜವನ್ನು ಹಿಂದೆ ಅಳಿಗುಳಿ ಮನೆ ಆಟಕ್ಕೆ ಬಳಸುತ್ತಿದ್ದರು. ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ. ಇದರಲ್ಲಿ ಅಬ್ರಿನ್ ಎಂಬ ಪ್ರಬಲ ವಿಷವಿದೆ. ಗಟ್ಟಿ ಸಿಪ್ಪೆ ಒಡೆದಾಗ, ಅಂದರೆ ಜಗಿದಾಗ ಅಥವಾ ತೂತು ಮಾಡಿ ಪೋಣಿಸಿದ ಬೀಜ ನುಂಗಿದಾಗ ಅಪಾಯ ಹೆಚ್ಚು. ಮಗು ನುಂಗಿದೆ ಎಂಬ ಅನುಮಾನ ಬಂದರೂ ಮನೆಮದ್ದು ಮಾಡದೆ ಆಸ್ಪತ್ರೆಗೆ ಹೋಗಿ.

*ಬಟನ್ ಬ್ಯಾಟರಿ ಮತ್ತು ಅಯಸ್ಕಾಂತ.* ನುಂಗಿದ ಬಟನ್ ಬ್ಯಾಟರಿ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದರೆ ಅವು ಕರುಳಿನ ಗೋಡೆಯನ್ನು ಹಿಡಿದು ತೂತು ಮಾಡಬಹುದು. ಎರಡೂ ತುರ್ತು ಪರಿಸ್ಥಿತಿಗಳೇ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಕೊಳ್ಳಬೇಡಿ.

*ಐಎಸ್‌ಐ ಗುರುತು.* 2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಕರಕುಶಲ ಆಟಿಕೆಗಳಿಗೆ ಮತ್ತು ಜಿಐ ಮಾನ್ಯತೆಯ ಆಟಿಕೆಗಳಿಗೆ ಇದರಿಂದ ವಿನಾಯಿತಿ ಇದೆ. ಜಿಐ ಮಾನ್ಯತೆ ಇರುವ ಚನ್ನಪಟ್ಟಣದ ಅರಗಿನ ಆಟಿಕೆಗಳ ಮೇಲೆ ಆ ಗುರುತು ಕಾಣದಿದ್ದರೆ ನಕಲಿ ಎಂದುಕೊಳ್ಳಬೇಕಿಲ್ಲ. ಆದರೆ ಅವುಗಳಲ್ಲೂ ಸಣ್ಣ ಭಾಗ ಕಳಚುತ್ತದೆಯೇ ಎಂದು ಎಳೆದು ನೋಡಿ.

ಯಾವ ವಯಸ್ಸಿಗೆ ಯಾವ ಆಟ?

- 1–2 ವರ್ಷ: ಒಂದರೊಳಗೊಂದು ಕೂರುವ ಲೋಟಗಳು, ದೊಡ್ಡ ಬ್ಲಾಕ್. ‘ಎರಡು ಲೋಟ’ ಎಂದು ಹೇಳುತ್ತಾ ಆಡಿ.
- 2–3 ವರ್ಷ: ‘ಒಂದು ಕೊಡು, ಎರಡು ಕೊಡು’. ಪ್ರತಿ ತಟ್ಟೆಗೆ ಒಂದು ಚಮಚ ಇಡಿಸುವುದು.
- 3–4 ವರ್ಷ: ಬಾಟಲಿ ಮುಚ್ಚಳ, ಐಸ್‌ಕ್ರೀಮ್ ಕಡ್ಡಿ, ದಪ್ಪ ಮಣಿಗಳ ದಾರ. ಐದರವರೆಗೆ ಸಾಕು. ದೊಡ್ಡವರು ಜೊತೆಗಿರಲಿ.
- 4–5 ವರ್ಷ: ಸೀಮೆಸುಣ್ಣದ ಹತ್ತು ಮನೆ, ಅಂಕಿ ಬರೆದ ಲೋಟಗಳು, ಬೆರಳಿನ ಆಟ.
- 5–6 ವರ್ಷ: ಹತ್ತು ಕಡ್ಡಿಗಳ ಕಟ್ಟು ಮಾಡುವುದು, ಚೌಕಾಬಾರ, ಹಾವು-ಏಣಿ.

ಐದು ವರ್ಷಕ್ಕೆ ಹೆಚ್ಚಿನ ಮಕ್ಕಳು ಹತ್ತರವರೆಗೆ ಎಣಿಸುತ್ತಾರೆ ಎನ್ನುತ್ತದೆ ಅಮೆರಿಕದ ಸಿಡಿಸಿ ಸಂಸ್ಥೆಯ ಪಟ್ಟಿ. ಐದು ತುಂಬಿದ ಮೇಲೂ ಇದು ಬರದಿದ್ದರೆ, ಮಾತು ಅಥವಾ ಗಮನ ಕೊಡುವುದರಲ್ಲೂ ತೊಂದರೆ ಕಂಡರೆ, ಅಂಗನವಾಡಿ ಕಾರ್ಯಕರ್ತೆ, ಶಿಕ್ಷಕರು ಅಥವಾ ಮಕ್ಕಳ ವೈದ್ಯರ ಜೊತೆ ಮಾತಾಡಿ. ಮೂರು ವರ್ಷದ ಮಗುವಿಗೆ ನೂರು ಬರದಿದ್ದರೆ ಯಾವ ವೈದ್ಯರ ಬಳಿಗೂ ಹೋಗಬೇಕಿಲ್ಲ.

ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ

‘ನಿಮ್ಮ ಮಗುವಿಗೆ ನೂರು ಹೇಳಲು ಬರುತ್ತದೆಯೇ ಎಂದು ನೋಡುವ ಮೊದಲು, ಮೂರು ಕೊಡಲು ಬರುತ್ತದೆಯೇ ನೋಡಿ. ಬರದಿದ್ದರೆ ಚಿಂತೆ ಬೇಡ. ದುಬಾರಿ ಆಟಿಕೆಯೂ ಬೇಡ. ದಿನಕ್ಕೆ ಹತ್ತು ನಿಮಿಷ, ಅಡುಗೆಮನೆಯ ಲೋಟ ಚಮಚ ಮತ್ತು ನಿಮ್ಮ ಮಾತು ಸಾಕು. ಸಣ್ಣ ಬೀಜ, ಮಣಿ ಮೂರು ವರ್ಷದೊಳಗೆ ಬೇಡ. ಗುಲಗಂಜಿ ಎಂದಿಗೂ ಬೇಡ.’